ಎತ್ತವರಿಗೆ ಎಗ್ಗಣ ಮುದ್ದು

ಏಪ್ರಿಲ್ 11

ಮಾವನವರಿಗೆ ನಮಸ್ಕಾರ.

ಹೊರಟ ಮೂವರೂ ತಲುಪಿದ್ದೇವೆ. ಇಬ್ಬರಿಗೆ ಮೈಕೈ ನೋವು, ಒಬ್ಬಳು ಗುಂಡುಕಲ್ಲಿನ ಹಾಗಿದ್ದಾಳೆ. ಹನ್ನೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವಳು ನಾನು. "ಮಗೂನ ತೊಡೆ ಮೇಲೆ ಕೂರಿಸ್ಕೊಳ್ಳಮ್ಮ, ಸೀಟು ಬಿಡು" ಅಂತ ಎಷ್ಟು ತಾಯಂದಿರಿಗೆ ಗದರಿದ್ದೇನೋ. ಈಗ ಅವರೆಲ್ಲರನ್ನೂ ಹುಡುಕಿ ಕ್ಷಮೆ ಕೇಳಬೇಕು ಅನ್ನಿಸುತ್ತಿದೆ. ಎಂಟು ತಿಂಗಳ ಕೂಸಿಗೆ ಆರು ಚೀಲ. ಟಬ್ಬು, ಸೊಳ್ಳೆಪರದೆ, ಬಿಸಿನೀರಿನ ಫ್ಲಾಸ್ಕು, ಆಲಿನ ಬಾಟಲಿ ಮೂರು, ಬಟ್ಟೆ ಇಪ್ಪತ್ತು. ಮೂಗಿಗಿಂತ ಮೂಗುತಿ ಭಾರ. ನಿಮ್ಮ ಮಗ ಒಂದು ಎಗಲಿಗೆ ಟಬ್ಬು, ಇನ್ನೊಂದು ಎಗಲಿಗೆ ಮಗಳನ್ನು ಏರಿಸಿಕೊಂಡು ನಿಲ್ದಾಣದ ತುಂಬ ಓಡಿದರು. ಅವರ ಡ್ರಾಯಿಂಗ್ ಕ್ಲಾಸಿನ ಮಕ್ಕಳು ಯಾರೂ ನೋಡಲಿಲ್ಲ, ಬಚಾವು.

ರೂಮು ಚಿಕ್ಕದು. ಸಮುದ್ರ ಕಾಣುತ್ತದೆ ಅಂತ ಹೇಳಿದ್ದರು, ಕಾಣುತ್ತದೆ, ಬಚ್ಚಲುಮನೆಯ ಕಿಟಕಿಯಿಂದ. ಸ್ಟೂಲಿನ ಮೇಲೆ ನಿಂತರೆ. ಕೂಸು ಮೊದಲ ಸಲ ಅಲೆ ನೋಡಿ ಎದರಿ ನನ್ನ ಕತ್ತು ಅವುಚಿಕೊಂಡಳು. ಐದು ನಿಮಿಷ ಅಷ್ಟೇ. ಆಮೇಲೆ ಕೂತು ಮರಳು ತಿನ್ನುವುದಕ್ಕೆ ಶುರು ಮಾಡಿದಳು. ಮುಖದ ತುಂಬ ಮರಳು, ಮೂಗಿನ ತುಂಬ ಸಿಂಬಳ. ನಿಮ್ಮ ಮಗ "ಎಷ್ಟು ಚೆಂದ ಕಾಣ್ತಾಳೆ ನೋಡು" ಅನ್ನುತ್ತಾರೆ. ಎತ್ತವರಿಗೆ ಎಗ್ಗಣ ಮುದ್ದು.

ಒಂದು ಮಾತು ಕೇಳಲೇ? ಹೊರಡುವ ದಿನ "ಮಾವ, ಒಂದು ಸಲ ಎತ್ಕೊಳ್ಳಿ" ಅಂತ ಕೂಸನ್ನು ನಿಮ್ಮ ಮುಂದೆ ಹಿಡಿದೆ. ನೀವು ಛತ್ರಿ ಎಲ್ಲಿದೆ ಅಂತ ಒಳಗೆ ಹೋದಿರಿ. ಬೇಸಿಗೆಯಲ್ಲಿ ಛತ್ರಿ. ಒಂದೇ ಮನೆಯಲ್ಲಿದ್ದೂ ನೀವು ಅವಳನ್ನು ಎತ್ತಿಕೊಂಡದ್ದು ನಾನು ಕಂಡಿಲ್ಲ. ಮುಖ ನೋಡಿ ಕೇಳುವುದಕ್ಕೆ ಆಗಲಿಲ್ಲ, ಇನ್ನೂರು ಮೈಲಿ ಆಚೆ ಬಂದ ಮೇಲೆ ಧೈರ್ಯ ಬಂತು.

ನಿಮ್ಮ ಸೊಸೆ


ಏಪ್ರಿಲ್ 17

ಸೊಸೆಗೆ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಓದಿ, ತಿದ್ದಿ, ಇದರೊಂದಿಗೆ ಲಗತ್ತಿಸಿದ್ದೇನೆ. ಬೇಸರ ಮಾಡಿಕೊಳ್ಳಬೇಡ. ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದ ಕೈ ಇದು. ಮದುವೆಯ ಕರೆಯೋಲೆ ಬಂದರೂ ಮೊದಲು ಕೆಂಪು ಪೆನ್ನು ಹುಡುಕುತ್ತದೆ.

ನಿನ್ನ ಪತ್ರದಲ್ಲಿ ಹಕಾರ ಎಂಬ ಅಕ್ಷರಕ್ಕೆ ಎಷ್ಟೋ ಕಡೆ ಜಾಗವೇ ಇಲ್ಲ. ಆಲು ಅಲ್ಲ, ಹಾಲು. ಎಗಲು ಅಲ್ಲ, ಹೆಗಲು. ಎದರಿ ಅಲ್ಲ, ಹೆದರಿ. ಗಾದೆಯಲ್ಲಂತೂ ಹೆಗ್ಗಣದ ತಲೆಯನ್ನೇ ಕತ್ತರಿಸಿದ್ದೀಯೆ. ಅದು "ಹೆತ್ತವರಿಗೆ ಹೆಗ್ಗಣ ಮುದ್ದು."

ಕೂಸಿಗೆ ನಾನು ಮನಸ್ಸಿನಲ್ಲೇ ಅನುಸ್ವಾರ ಎಂದು ಹೆಸರಿಟ್ಟಿದ್ದೇನೆ. ಗುಂಡಗಿದ್ದಾಳೆ, ಒಂಟಿಯಾಗಿ ಇರಲಾರಳು, ಸದಾ ಯಾರದಾದರೂ ಪಕ್ಕ ಅಂಟಿಕೊಂಡೇ ಇರಬೇಕು. ಅವಳ ಬಗ್ಗೆ ಬರೆಯುವಾಗ ಸುಮಾರಾಗಿ ಬರೆಯಬೇಡ. "ಚೆಂದ ಕಾಣುತ್ತಾಳೆ" ಎಂದರೆ ನನಗೇನು ತಿಳಿಯಬೇಕು? ನಗುವಾಗ ಯಾವ ಕೆನ್ನೆ ಮೊದಲು ಉಬ್ಬುತ್ತದೆ, ಹುಬ್ಬು ಬಂದಿದೆಯೇ, ಕಣ್ಣಿನ ಬಣ್ಣ ನಿನ್ನದೋ ಅವನದೋ, ಎಲ್ಲವನ್ನೂ ಬರೆ.

ಶಾಲೆಯ ಪುಸ್ತಕಗಳು ಜೂನ್ ಒಳಗೆ ಆಗಬೇಕು, ಬಹಳ ಕೆಲಸ. ಛತ್ರಿ ಸಿಕ್ಕಿತು.

ನಿನ್ನ ಮಾವ


ಏಪ್ರಿಲ್ 22

ಹಾತ್ಮೀಯ ಮಾವನವರಿಗೆ,

ನೋಡಿ, ಹಕಾರ ಹಾಕಿದ್ದೇನೆ. ಇನ್ನು ಎಲ್ಲದಕ್ಕೂ ಹಾಕುತ್ತೇನೆ, ಬೇಡದ ಕಡೆ ನೀವೇ ತೆಗೆಯಿರಿ. ನನ್ನ ಕಾಗದ ಕೆಂಪು ಗೀಟು ಹಾಕಿಸಿಕೊಂಡು ವಾಪಸು ಬಂದಾಗ ಎಷ್ಟು ಸಿಟ್ಟು ಬಂತೆಂದರೆ, ಎರಡು ಗಂಟೆ ನಿಮ್ಮ ಮಗನ ಜೊತೆ ಮಾತಾಡಲಿಲ್ಲ. ಅವರೇನು ಮಾಡಿದ್ದರು ಪಾಪ. ಹೋಗಲಿ, ಸಿಟ್ಟು ಇಳಿದಿದೆ. ಆದರೆ ನಾನು ಕೇಳಿದ ಮಾತಿಗೆ ನೀವು ಕೊಟ್ಟ ಉತ್ತರ "ಛತ್ರಿ ಸಿಕ್ಕಿತು". ಅಡ್ಡಗೋಡೆ ಮೇಲೆ ದೀಪ ಇಡುವುದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ.

ಸುದ್ದಿ ಏನೆಂದರೆ ಅಲ್ಲು ಬಂತು. ಕೆಳಗಿನ ಸಾಲು, ನಡುವಿನದು, ಅವಳ ಎಡಗಡೆಗೆ. ಚಮಚ ಬಾಯಿಗಿಟ್ಟರೆ ಟಣ್ ಅಂತು, ನಾನು ಬಟ್ಟಲು ಬಿಟ್ಟು ಕುಣಿದೆ. ನಗುವಾಗ ಬಲಗೆನ್ನೆ ಮೊದಲು ಉಬ್ಬುತ್ತದೆ. ಹುಬ್ಬು ಇದೆ ಅಂದರೆ ಇದೆ, ಪೆನ್ಸಿಲಿನಲ್ಲಿ ಗೀಚಿ ಅಳಿಸಿದ ಹಾಗೆ. ಕಣ್ಣು ನನ್ನದೂ ಅಲ್ಲ, ಅವರದೂ ಅಲ್ಲ. ನಿಮ್ಮದು. ದಿಟ್ಟಿಸಿ ನೋಡುತ್ತಾಳೆ, ತಪ್ಪು ಹುಡುಕುವ ಹಾಗೆ.

ನಿನ್ನೆ ದೋಣಿ ಹತ್ತಿದೆವು. ನಡುವೆ ಹೋದ ಮೇಲೆ ಅವಳಿಗೆ ಹೊಟ್ಟೆ ಕೆಟ್ಟದ್ದು ಗೊತ್ತಾಯಿತು. ಎಲ್ಲರಿಗೂ ಗೊತ್ತಾಯಿತು. ದೋಣಿಯವನು ಮೂಗು ಮುಚ್ಚಿಕೊಂಡು "ವಾಪಸು ತಿರುಗಿಸ್ಲಾ ಅಕ್ಕ" ಅಂದ. "ದುಡ್ಡು ಕೊಟ್ಟಿದ್ದೀನಿ, ಮುಂದಕ್ಕೆ ನಡಿ" ಅಂದೆ. ಕಂಡಕ್ಟರ್ ಬುದ್ಧಿ, ರಜೆಯಲ್ಲೂ ಹೋಗುವುದಿಲ್ಲ.

ಮುಂದಿನ ವಾರ ಬೆಟ್ಟದ ಊರಿಗೆ ಹೋಗುತ್ತೇವೆ. ವಿಳಾಸ ಹಿಂದುಗಡೆ ಬರೆದಿದ್ದೇನೆ.

ಸೊಸೆ


ಏಪ್ರಿಲ್ 28

ಸೊಸೆಗೆ,

ಮೊದಲ ಹಲ್ಲಿನ ಸುದ್ದಿಯನ್ನು ಮೂರು ಸಲ ಓದಿದೆ. ಟಣ್ ಎಂಬ ಶಬ್ದವನ್ನು ನೀನು ಬರೆದದ್ದು ಒಳ್ಳೆಯದಾಯಿತು. ಕೇಳಿಸಿದ ಹಾಗೆಯೇ ಆಯಿತು. ಹೀಗೆಯೇ ಬರೆ, ಶಬ್ದಗಳನ್ನು ಬರೆ. ಅವಳು ಏನೆಂದು ಕೂಗುತ್ತಾಳೆ, ಎದ್ದಾಗ ಹೇಗೆ, ನಿದ್ದೆ ಬಂದಾಗ ಹೇಗೆ.

ಈ ಬಾರಿ ಎರಡೇ ತಪ್ಪು ತಿದ್ದಿದ್ದೇನೆ. ಸುಧಾರಿಸುತ್ತಿದ್ದೀಯೆ.

ದೋಣಿಯ ಪ್ರಸಂಗ ಓದಿ ಮುದ್ರಣಾಲಯದಲ್ಲಿ ಒಬ್ಬನೇ ನಕ್ಕೆ. ಮಾಲೀಕರು ಬಾಗಿಲಲ್ಲಿ ಇಣುಕಿ "ಏನು ರಾಯರೇ, ವ್ಯಾಕರಣ ಪುಸ್ತಕದಲ್ಲಿ ನಗೋ ಅಂಥದ್ದು ಏನಿದೆ" ಎಂದರು. ನಿನ್ನ ಪತ್ರ ವ್ಯಾಕರಣದ ಕರಡಿನ ಕೆಳಗೆ ಇತ್ತು.

ಮನೆಯಲ್ಲಿ ಸದ್ದೇ ಇಲ್ಲ. ತೊಟ್ಟಿಲಿನ ಸರಪಳಿಗೆ ಎಣ್ಣೆ ಹಾಕಬೇಕೆಂದು ನಿಮ್ಮಿಬ್ಬರಿಗೂ ಹೇಳುತ್ತಿದ್ದೆನಲ್ಲ, ಬೇಡ. ಅದು ಕಿರುಗುಟ್ಟುತ್ತಿದ್ದರೇ ವಾಸಿ.

ಮಾವ


ಮೇ 4

ಮಾವನವರಿಗೆ,

ಎರಡೇ ತಪ್ಪು! ಓದಿದವಳೇ, ಇಲ್ಲಿ ನಾವು ಇಳಿದುಕೊಂಡಿರುವ ಮನೆಯ ಒಡತಿಗೂ ತೋರಿಸಿದೆ. ಅವರಿಗೆ ಓದಲು ಬರುವುದಿಲ್ಲ, ಆದರೂ ಕೆಂಪು ಕಮ್ಮಿ ಇದೆ ಅಂತ ಒಪ್ಪಿಕೊಂಡರು.

ಬೆಟ್ಟದ ಬಸ್ಸಿನಲ್ಲಿ ನಲವತ್ತು ತಿರುವು. ನಾನು ಎಣಿಸಿದೆ, ಕೂಸು ಕಕ್ಕಿದಳು. ಕಂಡಕ್ಟರ್ ನನ್ನನ್ನು ನೋಡಿ "ಮೊದಲೇ ಹೇಳ್ಬಾರ್ದೇನಮ್ಮ" ಅಂತ ರೇಗಿದ. ನಾನೂ ಹೀಗೇ ರೇಗುತ್ತಿದ್ದೆ, ತೆಪ್ಪಗೆ ಒರೆಸಿದೆ. ಒಸ ಊರು, ತಣ್ಣನೆ ಗಾಳಿ. ಮನೆ ಮುಂದೆ ಉಲ್ಲು ಬೆಳೆದಿದೆ, ಅದರ ಮೇಲೆ ಚಾಪೆ ಹಾಸಿದರೆ ಅಂಬೆಗಾಲಿಟ್ಟು ಚಾಪೆ ಬಿಟ್ಟು ಆಚೆ ಓಗುತ್ತಾಳೆ. ಎದ್ದಾಗ "ಅಬ್ಬಬ್ಬ" ಅನ್ನುತ್ತಾಳೆ, ಮನೆಗೆಲಸವೆಲ್ಲ ಅವಳೇ ಮಾಡಿದ ಹಾಗೆ. ನಿದ್ದೆ ಬಂದಾಗ "ಮ್ಮ್" ಅಂತ ಒಂದೇ ರಾಗ, ಸ್ಟಾರ್ಟ್ ಆಗದ ಡೀಸೆಲ್ ಗಾಡಿ.

ಮುಖ್ಯವಾದದ್ದು ಇದು: ನೀವು ಅಷ್ಟೊಂದು ಕೇಳಿದಿರಿ ಅಂತ ನಿಮ್ಮ ಮಗ ಸ್ಟುಡಿಯೋದಲ್ಲಿ ಫೋಟೋ ತೊಳೆಸಿದ್ದಾರೆ. ಲಕೋಟೆಗೆ ಅವರೇ ಹಾಕಿ ಅಂಟಿಸುತ್ತಾರೆ. ಬಿಳಿ ಟೋಪಿ ಹಾಕಿಕೊಂಡಿದ್ದಾಳೆ. ನೋಡಿ ಹೇಗಿದ್ದಾಳೆ ಅಂತ ಬರೆಯಿರಿ, ಸುಮಾರಾಗಿ ಬರೆಯಬೇಡಿ.

ಸೊಸೆ


ಮೇ 9

ಸೊಸೆಗೆ,

ಪತ್ರವೂ ಫೋಟೋವೂ ತಲುಪಿದವು. ಪತ್ರದಲ್ಲಿ ತಪ್ಪೇ ಇಲ್ಲ. ಹಾಗೆಯೇ ಹಿಂದಕ್ಕೆ ಕಳಿಸಿದ್ದೇನೆ, ಜೋಪಾನವಾಗಿ ಇಟ್ಟುಕೋ.

ಫೋಟೋ ಬಹಳ ಚೆನ್ನಾಗಿದೆ. ಟೋಪಿ ಅವಳಿಗೆ ಒಪ್ಪುತ್ತದೆ. ಮೂಗು ನಿನ್ನ ಅತ್ತೆಯದೇ, ಅದರಲ್ಲಿ ಸಂದೇಹವಿಲ್ಲ. ಅವಳಿದ್ದಿದ್ದರೆ ಊರಿಗೆಲ್ಲ ತೋರಿಸಿ ಬರುತ್ತಿದ್ದಳು. ಇಷ್ಟು ಬೇಗ ಕೂದಲು ದಟ್ಟವಾಗಿ ಬಂದಿರುವುದು ಸಂತೋಷ. ಕೂತಿರುವ ಭಂಗಿಯಲ್ಲಿ ಗಾಂಭೀರ್ಯ ಇದೆ. ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ. ನೋಡಿದವರೆಲ್ಲ ನಗುತ್ತಾರೆ, ಮಕ್ಕಳ ಫೋಟೋ ಎಂದರೆ ಹಾಗೆಯೇ ತಾನೆ.

ಮಾವ


ಮೇ 13

ಮಾವನವರಿಗೆ,

ನೀವು ಗಾಜಿನ ಕೆಳಗೆ ಇಟ್ಟುಕೊಂಡಿರುವುದು ಮನೆಯೊಡತಿಯ ಬೆಕ್ಕು.

ನಿಮ್ಮ ಮಗ ಕೂಸಿನ ಟೋಪಿಯನ್ನು ಬೆಕ್ಕಿನ ತಲೆಗೆ ಕಟ್ಟಿ ತಮಾಷೆಗೆ ಒಂದು ಫೋಟೋ ತೆಗೆದಿದ್ದರು. ಲಕೋಟೆಗೆ ಹಾಕುವಾಗ ಅದಕ್ಕೆ ಇದು, ಇದಕ್ಕೆ ಅದು ಆಗಿದೆ. ಕೂಸಿನ ಫೋಟೋ ಇಲ್ಲೇ ಪುಸ್ತಕದಲ್ಲಿ ಸಿಕ್ಕಿತು. ನಿಮ್ಮ ಕಾಗದ ಓದಿ ಅವರು ನೆಲಕ್ಕೆ ಬಿದ್ದು ನಕ್ಕರು. "ಅಪ್ಪ ನಿನ್ನ ಕಾಲು ಎಳೀತಿದಾರೆ" ಅಂದರು. ನನಗೆ ನಗು ಬರಲಿಲ್ಲ. ಗೇಲಿ ಮಾಡುವವರು ಅತ್ತೆಯವರನ್ನು ಅದರಲ್ಲಿ ಎಳೆದು ತರುವುದಿಲ್ಲ. ನೀವು ಫೋಟೋ ನೋಡಲೇ ಇಲ್ಲ.

ಪತ್ರವನ್ನೂ ಓದಿಲ್ಲ. ತಪ್ಪೇ ಇಲ್ಲ ಅಂತ ಹೇಳಿದಿರಲ್ಲ, ಅವರು ಒಂದು ನೋಟಕ್ಕೆ ಮೂರು ಹಿಡಿದರು. ಒಸ, ಉಲ್ಲು, ಓಗು. ನಾನು ಅದನ್ನು ಪೆಟ್ಟಿಗೆಯಲ್ಲಿ ಮಡಿಸಿ ಇಟ್ಟುಕೊಂಡಿದ್ದೆ. ನಾಚಿಕೆಯಾಯಿತು.

ನಾನು ಹೆಚ್ಚು ಓದಿದವಳಲ್ಲ, ಬಸ್ಸಿನಲ್ಲಿ ಕಿರುಚಿ ಕಿರುಚಿ ಗಂಟಲು ದಪ್ಪ ಆದವಳು, ಈ ಮನೆಗೆ ಒಪ್ಪುವುದಿಲ್ಲ ಅಂತಿದ್ದರೆ ನನ್ನ ಮೇಲೆ ತೋರಿಸಿ. ಕೂಸೇನು ಮಾಡಿತು? ಎಂಟು ತಿಂಗಳು ನಿಮ್ಮ ಕಾಲ ಬುಡದಲ್ಲೇ ಉರುಳಾಡಿತು, ಬಗ್ಗಿ ಎತ್ತಿಕೊಳ್ಳಲಿಲ್ಲ. ಇನ್ನು ನಾನು ಅವಳ ಹಲ್ಲು, ಹುಬ್ಬು ಅಂತ ಬರೆಯುವುದಿಲ್ಲ. ಬೆಕ್ಕಿನ ಬಗ್ಗೆ ಬೇಕಾದರೆ ಬರೆಯುತ್ತೇನೆ.


ಮೇ 18

ತಾಯೀ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀನು ಏನೂ ಹೇಳುವ ಮೊದಲೇ ಒಂದು ವರ್ಷದಿಂದ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿರುವವನು ನಾನು. ಇನ್ನು ಮುಚ್ಚಿಡಲಾರೆ.

ನನಗೆ ಕಣ್ಣು ಕಾಣುವುದಿಲ್ಲ. ಪೂರ್ತಿ ಕುರುಡಲ್ಲ, ಎರಡೂ ಕಣ್ಣಿಗೆ ಪೊರೆ ಬಂದಿದೆ. ಎಲ್ಲವೂ ಅನ್ನ ಬೇಯುವ ಪಾತ್ರೆಯ ಹಬೆಯ ಆಚೆ ಇದ್ದ ಹಾಗೆ. ಡಾಕ್ಟರು ಹೋದ ವರ್ಷವೇ ಆಪರೇಷನ್ ಎಂದರು. ಕರಡು ತಿದ್ದುವವನ ಕಣ್ಣಿಗೆ ಕತ್ತರಿ ಹಾಕಿ, ಅದು ಸರಿಹೋಗದಿದ್ದರೆ ಆಮೇಲೆ ನಾನು ಯಾರು ಎಂದು ಹೆದರಿ ಸುಮ್ಮನಾದೆ. ದಪ್ಪ ಭೂತಗನ್ನಡಿ ಹಿಡಿದು ಒಂದು ಪುಟಕ್ಕೆ ಒಂದು ಗಂಟೆ ತೆಗೆದುಕೊಳ್ಳುತ್ತಿದ್ದೇನೆ. ರಾಯರು ವಯಸ್ಸಾದಂತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದುತ್ತಾರೆ ಎಂದು ಮಾಲೀಕರು ಹೊಗಳುತ್ತಾರೆ. ನಿನ್ನ ಪತ್ರಗಳನ್ನು ಹಾಗೆಯೇ ಒಂದೊಂದು ಸಾಲಾಗಿ ಓದಿದೆ. ಕೊನೆಯ ಪತ್ರದಲ್ಲಿ ಅರ್ಥ ಹಿಡಿಯುವ ಹೊತ್ತಿಗೇ ಕಣ್ಣು ಸೋತಿತು, ಅಕ್ಷರ ಹಿಡಿಯಲು ಆಗಲಿಲ್ಲ. ಫೋಟೋ ಭೂತಗನ್ನಡಿಗೂ ಸಿಗಲಿಲ್ಲ. ಬಿಳಿಯದೊಂದು ಕಂಡಿತು, ಟೋಪಿ ಎಂದು ನೀನೇ ಬರೆದಿದ್ದೆ. ಅದರ ಕೆಳಗೆ ಕಪ್ಪಗೆ ಏನೋ ಇತ್ತು, ಕೂದಲೆಂದುಕೊಂಡೆ. ಉಳಿದದ್ದು ನನ್ನ ಆಸೆ.

ಎತ್ತಿಕೊಳ್ಳದಿದ್ದದ್ದಕ್ಕೆ ಕಾರಣ ಹೇಳುತ್ತೇನೆ, ನೀನು ಕ್ಷಮಿಸದಿದ್ದರೂ ಸರಿ. ಅವಳಿಗೆ ಎರಡು ತಿಂಗಳು. ನೀನು ಸ್ನಾನಕ್ಕೆ ಹೋಗಿದ್ದೆ. ತೊಟ್ಟಿಲಲ್ಲಿ ಅಳುತ್ತಿದ್ದಳು, ಎತ್ತಿಕೊಂಡೆ. ಸಮಾಧಾನ ಮಾಡಲು ನಡುಮನೆಗೆ ಹೊರಟೆ. ಮೂವತ್ತು ವರ್ಷ ದಾಟಿದ ಹೊಸ್ತಿಲು ಕಾಣಲಿಲ್ಲ. ಮುಗ್ಗರಿಸಿ ಎರಡೂ ಮಂಡಿ ಊರಿ ಬಿದ್ದೆ. ಕೂಸು ಕೈಯಲ್ಲೇ ಇತ್ತು. ಅವಳ ತಲೆಗೂ ಗೋಡೆಯ ಮೂಲೆಗೂ ನಡುವೆ ನಾಲ್ಕು ಬೆರಳು ಜಾಗ. ಅವಳು ಅಳು ನಿಲ್ಲಿಸಿ ನನ್ನನ್ನೇ ನೋಡಿದಳು. ತೊಟ್ಟಿಲಿಗೆ ವಾಪಸು ಮಲಗಿಸಿ, ಮಂಡಿಗೆ ವಾಯು ಎಂದು ನಿನಗೆ ಸುಳ್ಳು ಹೇಳಿದೆ. ನೀನು ಎಣ್ಣೆ ಬಿಸಿ ಮಾಡಿ ತಂದುಕೊಟ್ಟೆ. ಆ ಎಣ್ಣೆ ಹಚ್ಚಿಕೊಳ್ಳುವಾಗಲೇ ನಿರ್ಧಾರ ಮಾಡಿದೆ, ಇನ್ನು ಈ ಕೈಗೆ ಅವಳನ್ನು ಕೊಡಬಾರದು ಎಂದು.

ಮೊದಲ ಪತ್ರದಲ್ಲಿ ನೀನು "ಎತ್ತವರಿಗೆ" ಎಂದು ಬರೆದಿದ್ದೆ. ತಿದ್ದಿ "ಹೆತ್ತವರಿಗೆ" ಮಾಡಿದೆ. ತಿದ್ದುವಾಗ ಎದೆಗೆ ಚುಚ್ಚಿತು. ಎತ್ತುವವರಿಗೂ ಮುದ್ದೇ, ತಾಯಿ.

ನೀನು ಈ ಮನೆಗೆ ಒಪ್ಪುವುದಿಲ್ಲ ಎಂದು ನಾನು ಎಂದೂ ಯೋಚಿಸಿಲ್ಲ. ನಿನ್ನ ದನಿ ಇರುವುದರಿಂದಲೇ ಯಾರು ಯಾವ ಕೋಣೆಯಲ್ಲಿದ್ದಾರೆ ಎಂದು ನನಗೆ ತಿಳಿಯುತ್ತದೆ.

ಮಾವ


ಮೇ 21

ಮಾವ,

ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ, ಒಂದು ಹಾಳೆಗೆ ಹತ್ತೇ ಸಾಲು. ಅದಕ್ಕೇ ಲಕೋಟೆ ದಪ್ಪ, ಗಾಬರಿಯಾಗಬೇಡಿ.

ಬೈಯಬೇಕು ಅಂತ ಕೂತೆ, ಅಳು ಬಂತು. ಅತ್ತು ಮುಗಿಸಿ ಈಗ ಬೈಯುತ್ತಿದ್ದೇನೆ. ಟಿಕೆಟ್ ಇಲ್ಲದೆ ಹತ್ತಿದವನನ್ನು ಬೆನ್ನು ನೋಡಿಯೇ ಹಿಡಿಯುತ್ತೇನೆ ಅಂತ ಜಂಬ ನನಗೆ. ಒಂದೇ ಮನೆಯಲ್ಲಿ ನೀವು ಗೋಡೆ ಸವರಿಕೊಂಡು ಓಡಾಡಿದ್ದು ಕಾಣಲಿಲ್ಲ. ನಮ್ಮಿಬ್ಬರಲ್ಲಿ ಯಾರಿಗೆ ಪೊರೆ ಬಂದಿತ್ತೋ.

ನಿಮಗೆ ಮಾತ್ರ ಹೇಳುತ್ತೇನೆ, ನಿಮ್ಮ ಮಗನಿಗೆ ಇವತ್ತಿಗೂ ಗೊತ್ತಿಲ್ಲ. ಮೂರನೇ ತಿಂಗಳಲ್ಲಿ ನಾನು ಬಟ್ಟೆ ತರಲು ತಿರುಗಿದೆ, ಕೂಸು ಮಂಚದಿಂದ ಉರುಳಿತು. ದಿಂಬಿನ ಮೇಲೆ ಬಿತ್ತು, ಅದೃಷ್ಟ. ಆದರೆ ಮಾರನೇ ದಿನ ನಾನೇ ಎತ್ತಿಕೊಳ್ಳಬೇಕಿತ್ತಲ್ಲ, ಬೇರೆ ಯಾರಿದ್ದರು? ನಿಮಗೆ ನಾನಿದ್ದೆ, ಅದಕ್ಕೇ ನೀವು ಹೆದರಿಕೊಂಡು ಕೂರುವುದಕ್ಕೆ ಆಯಿತು.

ಜಲಪಾತ, ವ್ಯೂ ಪಾಯಿಂಟು ಎಲ್ಲ ರದ್ದು. ಶನಿವಾರ ಸಂಜೆ ಬರುತ್ತೇವೆ. ಸೋಮವಾರ ಕಣ್ಣಿನ ಆಸ್ಪತ್ರೆ. ಪುಸ್ತಕ ಜೂನ್ ಒಳಗೆ ಅಂತ ಮಾಲೀಕರು ಅಂದರೆ ನನ್ನ ಹತ್ತಿರ ಕಳಿಸಿ, ನಾನು ಮಾತಾಡುತ್ತೇನೆ.

ಸೊಸೆ


ಜೂನ್ 19

(ಮಾವ, ಇದನ್ನು ಸಕ್ಕರೆ ಡಬ್ಬದ ಕೆಳಗೆ ಇಡುತ್ತಿದ್ದೇನೆ. ಎದುರಿಗೆ ಹೇಳಲು ಹೋದರೆ ಇಬ್ಬರೂ ಮಳೆ ಬರುತ್ತೋ ಇಲ್ಲವೋ ಅಂತ ಮಾತಾಡುತ್ತೇವೆ.)

ಬಲಗಣ್ಣಿನ ಆಪರೇಷನ್ ಆಗಿ ಇಪ್ಪತ್ತನಾಲ್ಕು ದಿನ. ಹದಿನೈದು ದಿನ ಭಾರ ಎತ್ತಬಾರದು ಅಂತ ಡಾಕ್ಟರು ಹೇಳಿದ್ದರು, ನಾನೂ ಅಲ್ಲೇ ನಿಂತಿದ್ದೆ. ಹದಿನಾರನೇ ದಿನ ಕೂಸು ನಿಮ್ಮ ಪಂಚೆ ಹಿಡಿದು ನಿಂತಳು. ನೀವು "ಡಾಕ್ಟರು ಬೇಡ ಅಂದಿದಾರೆ" ಅಂದಿರಿ. ನಿನ್ನೆಯೂ ಅದನ್ನೇ ಅಂದಿರಿ. ಮೊನ್ನೆ ಅಕ್ಕಿ ಮೂಟೆ ಒಳಗೆ ತಂದವರು ಯಾರು?

ಕಣ್ಣು ಸರಿಯಾಗಿದೆ ಅಂತ ನನಗೆ ಗೊತ್ತು. ಪತ್ರಿಕೆಯಲ್ಲಿ ಹನ್ನೊಂದು ತಪ್ಪಿಗೆ ಗುರುತು ಹಾಕಿದ್ದೀರಿ. ಭಾನುವಾರ ಹೊಳೆ ಪಕ್ಕದ ಪಾರ್ಕಿಗೆ ಹೋಗೋಣ. ರಜೆಯ ಕೊನೆ ಸುತ್ತಾಟ, ಸೋಮವಾರ ನಾನು ಡ್ಯೂಟಿಗೆ. ನೀವೂ ಬರಬೇಕು. ಛತ್ರಿ ಹುಡುಕಬೇಡಿ.


ಜೂನ್ 22, ಸಂಜೆ

ತಾಯೀ,

ನಾನೂ ಸಕ್ಕರೆ ಡಬ್ಬವನ್ನೇ ನಂಬಿದ್ದೇನೆ.

ಬೆಳಿಗ್ಗೆ ದೋಣಿಯ ಟಿಕೆಟ್ ತರುತ್ತೇವೆಂದು ನೀವಿಬ್ಬರೂ ಹೋದಿರಿ. "ಮಾವ, ಐದೇ ನಿಮಿಷ, ನೋಡ್ಕೊಳ್ತಿರಿ" ಎಂದು ನೀನು ಹೇಳಿದೆ. ಕೂಸು ಚಾಪೆಯ ಮೇಲೆ ಇತ್ತು, ನಾನು ಕಲ್ಲುಬೆಂಚಿನ ಮೇಲೆ. ಅವಳು ಅಂಬೆಗಾಲಿಟ್ಟು ಬಂದು, ಬೆಂಚು ಹಿಡಿದು ನಿಂತು, ಬೆಂಚು ಬಿಟ್ಟು ಎರಡೂ ಕೈ ಮೇಲೆತ್ತಿದಳು. ಆಧಾರವಿಲ್ಲ. ಒಂದು ಕ್ಷಣ ಓಲಾಡಿದಳು. ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಎತ್ತುತ್ತಿರಲಿಲ್ಲ.

ಭಾರ ಇದ್ದಾಳೆ. ಎರಡು ತಿಂಗಳ ಕೂಸಿನ ತೂಕವೇ ನನ್ನ ಕೈಗೆ ನೆನಪಿತ್ತು. ಇಷ್ಟು ದೊಡ್ಡವಳಾಗಿರುವುದು ಕಣ್ಣಿಗೆ ತಿಳಿದಿತ್ತು, ಕೈಗೆ ತಿಳಿದಿರಲಿಲ್ಲ. ನನ್ನ ಮೂಗು ಹಿಡಿದೆಳೆದಳು. ಹುಬ್ಬು ನೀನು ಬರೆದ ಹಾಗೆಯೇ ಇದೆ. ಬಲಗೆನ್ನೆಯೇ ಮೊದಲು. ಕಣ್ಣು ನನ್ನದು ಎಂದು ನೀನು ಬರೆದಿದ್ದೆ, ಅದು ಮಾತ್ರ ತಪ್ಪು. ಇದು ಬಹಳ ಒಳ್ಳೆಯ ಕಣ್ಣು.

ಅವಳನ್ನು ಎತ್ತಿಕೊಂಡು ಹೊಳೆಯ ಕಡೆಗೆ ಐದು ಮೆಟ್ಟಿಲು ಇಳಿದೆ, ಐದು ಹತ್ತಿದೆ. ಪ್ರತಿ ಮೆಟ್ಟಿಲೂ ಕಂಡಿತು. ಆಮೇಲೆ ಇಳಿಸಿ, ಏನೂ ಮಾಡದವನ ಹಾಗೆ ಬೆಂಚಿನ ಮೇಲೆ ಕೂತೆ.

ಐದು ನಿಮಿಷ ಎಂದವರು ಅರ್ಧ ಗಂಟೆ ಬರಲಿಲ್ಲ. ಟಿಕೆಟ್ ಕಿಟಕಿಯ ಮುಂದೆ ಬೇರೆ ಇಬ್ಬರೇ ನಿಂತಿದ್ದರು, ನೀವಿರಲಿಲ್ಲ, ಈಗ ನನಗೆ ಅಷ್ಟು ದೂರ ಕಾಣುತ್ತದೆ. ನಿಜ ಹೇಳು, ಮರದ ಹಿಂದೆ ನಿಂತು ನೋಡುತ್ತಿದ್ದಿರಿ ತಾನೆ? ನೋಡಿದ್ದರೂ ಬೇಸರವಿಲ್ಲ. ನನ್ನ ಮೇಲೆ ಕಣ್ಣಿಡುವುದು ನ್ಯಾಯವೇ.

ಮಾವ


ಜೂನ್ 22, ಊಟ ಆದ ಮೇಲೆ

ಮಾವ,

ನೋಡಲಿಲ್ಲ. ನಿಮ್ಮ ಮಗ ಮರದ ಹಿಂದೆ ನಿಲ್ಲೋಣ ಅಂದರು. ಕಾಲರ್ ಹಿಡಿದು ಎಳೆದುಕೊಂಡು ಹೋದೆ. ದೋಣಿಕಟ್ಟೆ ದಾಟಿ, ಸೇತುವೆಯ ಆಚೆ ಹೋಗಿ ಕಡಲೆಕಾಯಿ ತಿಂದೆವು. ನಾನು ಅರ್ಧ ಕೆಳಗೆ ಚೆಲ್ಲಿದೆ. ಆದರೂ ತಿರುಗಿ ನೋಡಲಿಲ್ಲ. ನೋಡಿದರೆ ನಾನು ನಿಮ್ಮ ಹತ್ತಿರ ಕೂಸನ್ನು ಬಿಟ್ಟ ಹಾಗೆ ಆಗುತ್ತಿರಲಿಲ್ಲ.

ಎತ್ತಿಕೊಂಡಿರಿ ಅಂತ ಈ ಚೀಟಿ ಓದಿಯೇ ಗೊತ್ತಾಯಿತು. ಮಧ್ಯಾಹ್ನವೆಲ್ಲ ಕೇಳಬೇಕು ಅಂತ ನಾಲಿಗೆ ತುದಿಯಲ್ಲಿತ್ತು, ಕೇಳಲಿಲ್ಲ. ಅಡುಗೆಮನೆಯಲ್ಲಿ ನಿಂತು ಎರಡು ಸಲ ಓದಿದೆ. ನೀವು ಪಕ್ಕದ ಕೋಣೆಯಲ್ಲಿ ಕೆಮ್ಮುತ್ತಿದ್ದಿರಿ.

ನಾಳೆ ಐದಕ್ಕೆ ನನ್ನ ಮೊದಲ ಬಸ್ಸು. ನಿಮ್ಮ ಮಗ ಏಳುವುದು ಏಳಕ್ಕೆ, ಅವರಿಗೆ ಅಳು ಕೇಳಿಸುವುದಿಲ್ಲ. ಕೂಸು ಏಳುವುದು ಐದೂವರೆಗೆ. ತೊಟ್ಟಿಲನ್ನು ನಿಮ್ಮ ಮಂಚದ ಪಕ್ಕಕ್ಕೆ ಎಳೆದಿದ್ದೇನೆ. ಎದ್ದರೆ ಎತ್ತಿಕೊಳ್ಳಿ.

ಸೊಸೆ